ಘಟ್ಟ ಇಳಿದು ಗಜನಿಯವರೆಗೆ

(ಶಾಂತಿಗ್ರಾಮದ ರೈತರ ಕೂಟದಲ್ಲಿ ಮಾಡಿದ ಭಾಷಣ; ಅಂದು ಬರಲಾಗದ ತಮಗಾಗಿ ಇಲ್ಲಿ ಅಚ್ಚಾಗಿದೆ)



ನಮ್ಮ ಕಡೆಯಿಂದ ಪ್ರವಾಸ ಹೊರಡುವುದೆಂದರೆ ಎಲ್ಲರಿಗೂ ಗೊತ್ತಿರುವ ದಾರಿ ಒಂದೇ: ಧರ್ಮಸ್ಥಳ, ಸುಬ್ರಹ್ಮಣ್ಯ, ಬಿಡುವಿದ್ದರೆ ಉಡುಪಿ. ರಾತ್ರಿ ಬಸ್ಸು ಹತ್ತುವುದು, ಘಟ್ಟದಲ್ಲಿ ನಿದ್ದೆ ಮಾಡುವುದು, ದರ್ಶನ ಮುಗಿಸಿ ಪ್ರಸಾದದ ಊಟ ಮಾಡಿ ಮರುದಿನ ಮನೆ ಸೇರುವುದು. ಇದನ್ನು ತಪ್ಪೆಂದು ಹೇಳುವವನು ನಾನಲ್ಲ. ನಮ್ಮ ತಾಯಿಯವರೂ ವರ್ಷಕ್ಕೊಮ್ಮೆ ಹೀಗೆಯೇ ಹೋಗಿ ಬರುತ್ತಾರೆ. ಆದರೆ ಘಟ್ಟವನ್ನೂ ಕಡಲ ದಂಡೆಯ ಹೊಲಗದ್ದೆಗಳನ್ನೂ ಹಗಲು ಹೊತ್ತು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ನಾನೂ ನೋಡಿರಲಿಲ್ಲ. ಕಳೆದ ಅಕ್ಟೋಬರ್ ತಿಂಗಳಿನಲ್ಲಿ ಐದು ದಿನ ರಜೆ ಪಡೆದು, ಹೆಚ್ಚು ಜನ ತುಳಿಯದ ದಾರಿ ಹಿಡಿದು ಹೋಗಿಬಂದೆ. ಅದರ ಸಂಗತಿಯನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಸಕಲೇಶಪುರದಿಂದ ಶಿರಾಡಿ ಘಟ್ಟಕ್ಕೆ ಇಳಿಯದೆ ಬಿಸಿಲೆಯ ಕಡೆ ತಿರುಗಿದೆ. ಹೆಸರು ಬಿಸಿಲೆ, ಆದರೆ ಕಾಡಿನೊಳಗೆ ಬಿಸಿಲು ಕಾಣುವುದೇ ಅಪರೂಪ. ಮಳೆ ಹಿಂದೆ ಸರಿದಿದ್ದರೂ ಜಿಗಣೆಗಳು ನನ್ನನ್ನು ಬಿಡಲಿಲ್ಲ. ಆ ಕಡೆಯ ಒಂದು ದಿಣ್ಣೆಯ ಮೇಲೆ ಒಂದು ಕಲ್ಲಿದೆ. ಕಲ್ಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಯ ಕಡೆಗೆ ಹರಿದು, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಅರಬ್ಬೀ ಸಮುದ್ರಕ್ಕೆ. ನಾವು ಶಾಂತಿಗ್ರಾಮದವರು ಈ ಕಡೆಯ ನೀರಿನವರು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹೇಮಾವತಿಯ ಹೆಸರನ್ನು ಹಗಲಿರುಳು ಹೇಳುತ್ತೇವೆ. ಆ ನೀರು ಇಂಥ ದಿಣ್ಣೆಗಳ ಮೇಲಿನ ಹುಲ್ಲಿನಿಂದ, ಶೋಲಾ ಕಾಡಿನಿಂದ ತೊಟ್ಟಿಕ್ಕಿ ಬರುವುದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿಗೆ 1712 ಮೀಟರ್ ಎತ್ತರದ ಕುಮಾರಪರ್ವತ ನಿಂತಿತ್ತು. ಬಹಳ ಹೊತ್ತು ಅಲ್ಲೇ ಕುಳಿತೆ.

ಸುಬ್ರಹ್ಮಣ್ಯಕ್ಕೆ ಇಳಿದು, ಮಂಗಳೂರಿನಿಂದ ಕೊಂಕಣ ರೈಲು ಹತ್ತಿ ಕುಮಟೆಗೆ ಹೋದೆ. ಯಾಣದ ಕಪ್ಪು ಬಂಡೆಗಳನ್ನು ನೋಡಿದೆ. ದೊಡ್ಡ ಶಿಖರ 120 ಮೀಟರ್ ಎತ್ತರ. ಅದನ್ನು ನೋಡಲು ಜನ ಬರುತ್ತಾರೆ, ಅದರ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಯಾರೂ ನೋಡಲು ಬಾರದ ಒಂದು ಗದ್ದೆಬಯಲಿನ ವಿಷಯವನ್ನೇ ಹೇಳಬೇಕಾಗಿದೆ.

ಸಿರಸಿಯ ಬಳಿ ಹುಟ್ಟುವ ಅಘನಾಶಿನಿ ನದಿ ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಅದರ ಅಳಿವೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು. ದಿನಕ್ಕೆ ಎರಡು ಸಲ ಭರತ ಬಂದು ಉಪ್ಪುನೀರು ನದಿಯೊಳಕ್ಕೆ ಏರುತ್ತದೆ, ಎರಡು ಸಲ ಇಳಿಯುತ್ತದೆ. ಈ ಏರಿಳಿತದ ಮಗ್ಗುಲಲ್ಲಿರುವ ತಗ್ಗು ಗದ್ದೆಗಳಿಗೆ ಅಲ್ಲಿನವರು ಗಜನಿ ಎನ್ನುತ್ತಾರೆ. ಅಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಮುಂಗಾರು ಸುರಿದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಪೈರು ಎತ್ತರವಾಗಿ ಬೆಳೆಯುತ್ತದೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ಸ್ವಲ್ಪ ಉಪ್ಪು ತಗುಲಿದರೂ ಸಾಯುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ.

ಇಲ್ಲಿ ನನ್ನ ದಡ್ಡತನವೊಂದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಡಿಪ್ಲೊಮಾ ಓದಿದ ಜಂಬ ಸುಮ್ಮನಿರಬೇಕಲ್ಲ! ಏರಿಯ ಮೇಲೆ ನಿಂತಿದ್ದ ಒಬ್ಬ ಹಿರಿಯರಿಗೆ, “ಗೌಡ್ರೇ, ಎಕರೆಗೆ ಇಷ್ಟು ಯೂರಿಯಾ ಕೊಟ್ಟರೆ ಇಳುವರಿ ಏರುತ್ತದೆ” ಎಂದೆ. ಅವರು ನಕ್ಕರು. “ತಮ್ಮಾ, ಗೊಬ್ಬರವನ್ನು ಹೊಳೆ ತಂದು ಹಾಕುತ್ತದೆ. ನಮಗೆ ಬೇಕಾದದ್ದು ಗೊಬ್ಬರವಲ್ಲ, ಆ ಬಾಗಿಲು ಕಾಯುವ ಜನ” ಎಂದು ಏರಿಯ ತೂಬನ್ನು ತೋರಿಸಿದರು.

ಆ ತೂಬಿನ ಹಲಗೆಯ ಬಾಗಿಲೇ ಗಜನಿಯ ಜೀವ. ಭರತ ಏರುವ ಮುಂಚೆ ಅದನ್ನು ಮುಚ್ಚಬೇಕು. ಇಳಿತದಲ್ಲಿ ತೆರೆದು ಮಳೆನೀರನ್ನು ಹೊರಕ್ಕೆ ಬಿಡಬೇಕು. ಒಂದು ಸಲ ಮರೆತರೆ, ಅಥವಾ ಏರಿ ಒಂದು ಕಡೆ ಒಡೆದರೆ, ಉಪ್ಪುನೀರು ಒಬ್ಬನ ಗದ್ದೆಗಲ್ಲ, ಎಲ್ಲರ ಗದ್ದೆಗೂ ನುಗ್ಗುತ್ತದೆ. ಬದುಗಳ ಮೇಲೆ ನಡೆದುಹೋದಂತೆ ಪಾಳು ಬಿದ್ದ ಗಜನಿಗಳೂ ಕಂಡವು. ಕಾರಣ ಕೇಳಿದೆ. ಸಿಗಡಿ ಸಾಕಣೆಗೆ ಒಳ್ಳೆಯ ಹಣ ಬರುವುದೆಂದು ಕೆಲವರು ಗದ್ದೆಗಳನ್ನು ಗುತ್ತಿಗೆಗೆ ಕೊಟ್ಟರಂತೆ. ಸಿಗಡಿಗೆ ವರ್ಷವಿಡೀ ಉಪ್ಪುನೀರು ಬೇಕು, ಭತ್ತಕ್ಕೆ ಬೇಡ. ಬಾಗಿಲು ತೆರೆದೇ ಉಳಿಯಿತು; ಭತ್ತ ಬೇಕೆಂದವರೂ ಬೆಳೆಯಲಾಗಲಿಲ್ಲ. ಕೂಲಿಗೆ ಹೋದ ಹುಡುಗರು ಏರಿ ಕಟ್ಟಲು ಮರಳಲಿಲ್ಲ. ಕೆಲವು ಊರಿನವರು ಈಗಲೂ ಕೂಡಿ ಏರಿ ಕಟ್ಟಿ ಕಗ್ಗ ಬೆಳೆಯುತ್ತಿದ್ದಾರೆ. ಬಿತ್ತನೆಗೆ ಅವರದು ಮನೆಯ ಬೀಜ. ನಾವು ಆಲೂಗೆಡ್ಡೆ ಬೀಜಕ್ಕೆ ವರ್ಷ ವರ್ಷವೂ ಜಲಂಧರದ ಲಾರಿಯನ್ನು ಎದುರು ನೋಡುವವರು ಎಂಬುದು ಆಗ ನೆನಪಾಗದೆ ಇರಲಿಲ್ಲ.

ಆ ಸಂಜೆ ತದಡಿಯಲ್ಲಿ ದೋಣಿಗಾಗಿ ಕಾಯುತ್ತ ಕುಳಿತಾಗ ನಮ್ಮಜ್ಜ ಹೇಳುತ್ತಿದ್ದ ಮಾತೊಂದು ಮನಸ್ಸಿಗೆ ಬಂತು. 1953ರಲ್ಲಿ ದೇಶದಲ್ಲೆಲ್ಲ ‘ಜಪಾನ್ ಪದ್ಧತಿಯ ಭತ್ತದ ಬೇಸಾಯ’ವೆಂದು ಪ್ರಚಾರ ನಡೆದಿತ್ತು. ಎತ್ತರದ ಸಸಿಮಡಿ, ಕಡಿಮೆ ಬೀಜ, ಸಾಲು ನಾಟಿ. ಜಪಾನಿನ ಹೆಸರು ನಮ್ಮ ಹಳ್ಳಿಗಳಿಗೆ ಬಂದದ್ದು ಭತ್ತದ ಜೊತೆಯಲ್ಲಿ. ಆ ದೇಶಕ್ಕೆ ಹೋಗುವವರೂ ಟೋಕಿಯೋ, ಕ್ಯೋಟೋ, ಫ್ಯೂಜಿ ಪರ್ವತ ಎಂದು ತುಳಿದ ದಾರಿಯನ್ನೇ ತುಳಿಯುತ್ತಾರಂತೆ. ಆದರೆ ಅಲ್ಲಿ ನೋಟೋ ಎಂಬ ಪರ್ಯಾಯ ದ್ವೀಪವಿದೆ. ಬೆಟ್ಟ ನೇರವಾಗಿ ಕಡಲಿಗೆ ಇಳಿಯುವ ಸೀಮೆ. ಅಲ್ಲಿನ ಶಿರೋಯೋನೆ ಎಂಬಲ್ಲಿ ಇಳಿಜಾರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ 1004 ಪುಟ್ಟ ಗದ್ದೆಗಳು. ಕೆಲವು ನಮ್ಮ ರಾಗಿ ಒಟ್ಟಲಿನಷ್ಟೂ ಅಗಲವಿಲ್ಲ. ಊರಿನ ಮುದುಕರಿಂದ ಮಾತ್ರ ಅವನ್ನು ಉಳುವುದಾಗದು. ಆದ್ದರಿಂದ ಪಟ್ಟಣದವರು ವರ್ಷಕ್ಕಿಷ್ಟು ಹಣ ಕೊಟ್ಟು ಒಂದು ಗದ್ದೆಗೆ ‘ಒಡೆಯ’ರಾಗಿ, ನಾಟಿಗೂ ಕೊಯ್ಲಿಗೂ ತಾವೇ ಬಂದು ಕೆಸರಿಗೆ ಇಳಿಯುವ ಏರ್ಪಾಡು ಮಾಡಿಕೊಂಡರು. 2024ರ ಜನವರಿ 1ರಂದು ಭೂಕಂಪವಾಗಿ ಗದ್ದೆಗಳು ಬಿರುಕು ಬಿಟ್ಟವು. ಆ ವರ್ಷವೇ ಸ್ವಲ್ಪ ಭಾಗವನ್ನು ಸರಿಪಡಿಸಿ ನಾಟಿ ಮಾಡಿದರು. ಗಜನಿಯ ಏರಿಯ ಮೇಲೆ ನಿಂತು ಬಂದವನಿಗೆ ಆ ಜನರೂ ನೆಂಟರಂತೆ ತೋರಿದರು.

ಇನ್ನು ಮನೆಯ ಮಾತು. ಶಾಂತಲೆಯ ಊರೆಂದು ನಾವು ಹೆಮ್ಮೆ ಪಡುತ್ತೇವೆ. ದೇವಾಲಯದ ಕಲ್ಲನ್ನು ಕಾದುಕೊಂಡಿದ್ದೇವೆ, ಕೆರೆಯನ್ನು ಕಾದುಕೊಂಡಿದ್ದೇವೆಯೇ? ನಾನು ದಿನವೂ ತಿರುಗುವ ಹಳ್ಳಿಯೊಂದರಲ್ಲಿ ಕೆರೆಗೆ ನೀರು ತರುವ ಕಾಲುವೆಯನ್ನು ಅಕ್ಕಪಕ್ಕದವರು ಒಂದೊಂದು ಮೊಳ ಒತ್ತಿದ್ದಾರೆ. ಕೇಳಿದರೆ, “ನಾನೊಬ್ಬ ಒತ್ತಿದ್ದು ಎಷ್ಟು ಮಹಾ, ಸ್ವಾಮಿ?” ಎನ್ನುತ್ತಾರೆ. ಮಳೆ ಚೆನ್ನಾಗಿ ಬಂದ ವರ್ಷವೂ ಅಲ್ಲಿ ಕೆರೆ ಅರ್ಧಕ್ಕೆ ನಿಂತಿತು; ಕೊಳವೆ ಬಾವಿಗಳು ಬತ್ತಿದವು. ನೀರುಗಂಟಿಯ ಮನೆತನದವರು ಊರಿನಲ್ಲೇ ಇದ್ದಾರೆ, ತೂಬಿನ ಲೆಕ್ಕ ಅವರ ಬಾಯಲ್ಲೇ ಇದೆ, ಕೇಳುವವರು ಮಾತ್ರ ಇಲ್ಲ. ಬರುವ ಬೇಸಿಗೆಯಲ್ಲಿ ಆ ಕಾಲುವೆಯನ್ನು ಬಿಡಿಸದಿದ್ದರೆ ಕೆಳಗಿನ ಗದ್ದೆಬಯಲು ಭತ್ತ ಕಾಣುವುದು ಕಷ್ಟ. ಇದನ್ನು ಸಭೆಯಲ್ಲಿ ಹತ್ತು ಸಲ ಹೇಳಿದ್ದೇನೆ, ತಾವು ಹತ್ತು ಸಲ ತಲೆಯಾಡಿಸಿದ್ದೀರಿ. ಗಜನಿಯ ಆ ಬಾಗಿಲನ್ನೂ ಅದರ ಪಕ್ಕದ ಪಾಳನ್ನೂ ಕಣ್ಣಾರೆ ನೋಡಿದರೆ ನನ್ನ ಭಾಷಣ ಬೇಕಾಗಲಾರದು ಎಂಬ ಆಸೆಯಿಂದ ಈ ಪ್ರವಾಸವನ್ನು ಹೂಡುತ್ತಿದ್ದೇನೆ.

ಆಲೂಗೆಡ್ಡೆ ಅಗೆದಾದ ಮೇಲೆ, ರಾಗಿ ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲಿ ಐದು ದಿನ. ಆಗ ಕಗ್ಗವೂ ಕೊಯ್ಲಿಗೆ ಬಂದಿರುತ್ತದೆ. ಹೋಗುವಾಗ ಬಿಸಿಲೆಯ ದಾರಿ. ಬರುವಾಗ ಮಂಗಳೂರಿನಿಂದ ಹಗಲು ರೈಲು. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗೆ 57 ಸುರಂಗಗಳಿವೆ, ಯಾರೂ ನಿದ್ದೆ ಮಾಡಕೂಡದು. ಇಪ್ಪತ್ತು ಜನರಿಗೆ ಸ್ಥಳವುಂಟು. ಅರ್ಧದಷ್ಟಾದರೂ ಹೆಣ್ಣುಮಕ್ಕಳು ಬರಬೇಕೆಂದು ನನ್ನ ಕೋರಿಕೆ. ಬೀಜ ಕಟ್ಟಿಡುವವರು ಅವರೇ. ಒಂದು ಕಂಬಳಿ, ಜಿಗಣೆಗೆ ಒಂದು ಚಿಟಿಕೆ ಸುಣ್ಣ, ದಾರಿಗೆ ರೊಟ್ಟಿ ಇದ್ದರೆ ಸಾಕು. ಹೆಸರುಗಳನ್ನು ಸೋಮವಾರದೊಳಗೆ ಕೊಡಿ. ಮೊದಲ ಎರಡು ಹೆಸರು ಆಗಲೇ ಬರೆದಾಗಿದೆ: ನೀರುಗಂಟಿ ಮನೆಯ ಅಜ್ಜನವರದು, ಕಾಲುವೆಯನ್ನು ಎಲ್ಲರಿಗಿಂತ ಮೊದಲು ಒತ್ತಿದವರದು. ಇಬ್ಬರೂ ಒಪ್ಪಿದ್ದಾರೆ; ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುವುದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ.