ತುಳುವಿಗೆ ಬಂದ ಬೈಬಲ್

ಪುಣೆಯ ಯಾವುದಾದರೂ ಉಡುಪಿ ಹೋಟೆಲಿನ ಗಲ್ಲಾದ ಪಕ್ಕ ಎರಡು ನಿಮಿಷ ನಿಂತು ನೋಡಿ. ಗಿರಾಕಿಗಳ ಜೊತೆ ಮರಾಠಿ, ನಮ್ಮಂಥವರು ಹೋದರೆ ಕನ್ನಡ, ಒಳಗೆ ಅಡುಗೆಮನೆಯ ಕಡೆ ತಿರುಗಿ ಕೂಗಿದರೆ ತುಳು. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದು ಬರೆಸಿದವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಆದರೂ ಆ ಭಾಷೆಗೆ ಇನ್ನೂ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಸಿಕ್ಕಿಲ್ಲ. ಬಾಯಲ್ಲಿ ಅಷ್ಟು ಸೊಗಸಾಗಿ ಹರಿಯುವ ಈ ಭಾಷೆಯಲ್ಲಿ ಅಚ್ಚಾದ ಮೊದಲ ಪುಸ್ತಕಗಳು ಯಾವುವು ಎಂದು ಕೇಳಿದರೆ ಬಹಳ ಜನ ಪಾಡ್ದನ ಇರಬೇಕು, ಯಕ್ಷಗಾನ ಪ್ರಸಂಗ ಇರಬೇಕು ಎನ್ನುತ್ತಾರೆ. ಅವು ಎರಡೂ ಅಲ್ಲ. ಬೈಬಲಿನ ಸುವಾರ್ತೆಗಳು. ಮಾಡಿದವರು ಜರ್ಮನ್ ಮಾತನಾಡುವ ಪರದೇಶಿಗಳು.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನ್ ಸಂಸ್ಥೆ ಕಳಿಸಿದ ಮೂವರು, ಹೆಬಿಕ್, ಲೆನರ್ ಮತ್ತು ಗ್ರೈನರ್, 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದು ಇಳಿದರು. ಕೋರ್ಟು ಕಚೇರಿ, ಶಾಲೆ, ಪತ್ರವ್ಯವಹಾರ ಎಲ್ಲ ಕನ್ನಡದಲ್ಲಿ ನಡೆಯುತ್ತಿದ್ದ ಊರು ಅದು. ಕನ್ನಡ ಕಲಿತರೆ ಸಾಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಗದ್ದೆಯಲ್ಲಿ, ಮೀನುಪೇಟೆಯಲ್ಲಿ, ಸೇಂದಿ ಇಳಿಸುವವರ ಅಂಗಳದಲ್ಲಿ ಕೇಳುವುದು ತುಳು. ಕನ್ನಡದಲ್ಲಿ ಪ್ರಸಂಗ ಮಾಡಿದರೆ ಮರ್ಯಾದೆಯಿಂದ ಕೇಳುತ್ತಾರೆ, ಮನಸ್ಸಿಗೆ ತಾಗುವುದಿಲ್ಲ. ಗ್ರೈನರ್ ತುಳುವಿನ ದಾರಿ ಹಿಡಿದ. ಆತ ಅನುವಾದಿಸಿದ ಮತ್ತಾಯನ ಸುವಾರ್ತೆ 1842ರಲ್ಲಿ ಮಂಗಳೂರಿನಲ್ಲೇ ಕಲ್ಲಚ್ಚಿನಲ್ಲಿ ಮುದ್ರಣವಾಯಿತು. ಆಮೇಲೆ ಅಮ್ಮಾನ್ ಮೊದಲಾದ ಸಹೋದ್ಯೋಗಿಗಳೂ ಕೈಜೋಡಿಸಿ, 1847ರ ಹೊತ್ತಿಗೆ ಹೊಸ ಒಡಂಬಡಿಕೆ ಪೂರ್ತಿಯಾಗಿ ತುಳುವಿಗೆ ಬಂತು. ಅಮ್ಮಾನ್ ತಿದ್ದಿದ ಎರಡನೆಯ ಆವೃತ್ತಿ 1859ರದು.

ಕಲ್ಲಚ್ಚು ಎಂದರೆ ಇಂದಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಜಿಡ್ಡಿನ ಶಾಯಿಯಲ್ಲಿ ಇಡೀ ಪುಟವನ್ನು ಕೈಯಿಂದ ಬರೆಯುವುದು, ಅದನ್ನು ನಯಮಾಡಿದ ಕಲ್ಲಿನ ಮೇಲೆ ಇಳಿಸುವುದು, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದೂ ಇದೇ ಕಲ್ಲಚ್ಚಿನಿಂದಲೇ. ಕನ್ನಡ ಬರೆಯಬಲ್ಲ ಕೈಗಳು ಅಲ್ಲಿದ್ದವು. ಹಾಗಾಗಿ ತುಳುವೂ ಕನ್ನಡ ಲಿಪಿಯನ್ನೇ ಉಟ್ಟುಕೊಂಡಿತು. ಬ್ರಾಹ್ಮಣರು ತಾಳೆಗರಿಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಲಿಪಿ ಇತ್ತು, ತುಳುವನ್ನೂ ಅದರಲ್ಲಿ ಬರೆದದ್ದುಂಟು. ಆದರೆ ಅಚ್ಚಿನ ಮನೆಗೆ ಅದು ಹೋಗಲಿಲ್ಲ. ಯೂನಿಕೋಡಿನಲ್ಲಿ ತುಳು-ತಿಗಳಾರಿಗೆ ಸ್ಥಾನ ಸಿಕ್ಕಿದ್ದು 2024ರಲ್ಲಿ. ಈ ನಡುವೆ ನೂರೆಂಬತ್ತು ವರ್ಷ ತುಳು ಓದಿದವರೆಲ್ಲ ಹೆಚ್ಚುಕಡಿಮೆ ಕನ್ನಡ ಲಿಪಿಯಲ್ಲೇ ಓದಿದ್ದಾರೆ.

ಅನುಕೂಲದ ಜೊತೆ ಒಂದು ತೊಡಕೂ ಬಂತು. ತುಳುವಿನಲ್ಲಿ 'ಯಾನ್ ಬತ್ತೆ' ಅಂದರೆ ನಾನು ಬಂದೆ. 'ಆಯೆ ಬತ್ತೆ' ಅಂದರೆ ಅವನು ಬಂದ. ಬರಹದಲ್ಲಿ ಎರಡೂ 'ಬತ್ತೆ'. ಮಾತಿನಲ್ಲಿ ಹಾಗಲ್ಲ, ಮೊದಲನೆಯದರ ಕೊನೆಯ 'ಎ' ಬಾಯಿ ಅಗಲಿಸಿ ಹೇಳುವುದು, ಎರಡನೆಯದು ಬಿಗಿಯಾದದ್ದು. ತುಳುವರ ಮನೆಯ ಮೂರು ವರ್ಷದ ಮಗು ತಪ್ಪುವುದಿಲ್ಲ. ಕನ್ನಡ ಲಿಪಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಾನು ಬಂದೆ, ಅವನು ಬಂದ ಎಂಬುದರ ಮೇಲೆಯೇ ಅರ್ಥ ನಿಂತಿರುವ ಗ್ರಂಥವನ್ನು ಹೀಗೆ ಬರೆಯಬೇಕಾದವನ ಪಾಡು ಊಹಿಸಿಕೊಳ್ಳಿ.

ಇನ್ನೂ ಕಷ್ಟದ್ದು 'ನಾವು'. ಮರಾಠಿಯೊಡನೆ ಬಾಳುತ್ತಿರುವ ನಮಗೆ ಇದು ಬೇಗ ತಿಳಿಯುತ್ತದೆ. ಮರಾಠಿಯಲ್ಲಿ 'ಆಮ್ಹಿ' ಬೇರೆ, 'ಆಪಣ್' ಬೇರೆ. ಕೇಳುವವರನ್ನು ಬಿಟ್ಟು ನಾವು, ಕೇಳುವವರನ್ನೂ ಸೇರಿಸಿಕೊಂಡು ನಾವು. ತುಳುವಿನಲ್ಲೂ ಹಾಗೆಯೇ. 'ಎಂಕುಲು' ಅಂದರೆ ನೀವು ಸೇರದ ನಾವು, 'ನಮ' ಅಂದರೆ ನೀವೂ ಸೇರಿದ ನಾವು. ಬೈಬಲಿನ ಮೂಲವಾದ ಗ್ರೀಕಿನಲ್ಲಿ ಈ ಭೇದವಿಲ್ಲ. ಮಿಷನರಿಯ ಸ್ವಂತ ಜರ್ಮನ್‌ನಲ್ಲಿ ಇಲ್ಲ, ಅವನು ಕಲಿತ ಇಂಗ್ಲಿಷಿನಲ್ಲಿ ಇಲ್ಲ, ನಮ್ಮ ಇಂದಿನ ಕನ್ನಡದಲ್ಲೂ ಇಲ್ಲ. ದೇವರಿಗೆ ಮಾಡುವ ಪ್ರಾರ್ಥನೆಯಾದರೆ ಸುಲಭ, ಅಲ್ಲಿ ದೇವರು ಭಕ್ತರ ಗುಂಪಿಗೆ ಸೇರುವುದಿಲ್ಲ, 'ಎಂಕ್ಲೆನ' ಎನ್ನಬೇಕು. ಆದರೆ ಸಮುದ್ರದ ಬಿರುಗಾಳಿಯ ಕಥೆ ಇದೆಯಲ್ಲ? ಶಿಷ್ಯರ ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ. ಶಿಷ್ಯರು ಎಬ್ಬಿಸಿ, ನಾವು ಸಾಯುತ್ತಿದ್ದೇವೆ, ನಿಮಗೆ ಚಿಂತೆಯೇ ಇಲ್ಲವೇ ಎಂದು ಕೇಳುತ್ತಾರೆ. ಈ 'ನಾವು' ಯಾವುದು? 'ನಮ' ಎಂದರೆ ಗುರುವೂ ಮುಳುಗುತ್ತಾನೆ ಎಂಬ ಭಯ. 'ಎಂಕುಲು' ಎಂದರೆ ನಿನಗೇನಾಗುತ್ತದೆ, ಸಾಯುವವರು ನಾವು ಎಂಬ ದೂರು, ಅದರೊಳಗೆ ಇವನು ಮುಳುಗುವವನಲ್ಲ ಎಂಬ ನಂಬಿಕೆಯೂ ಅಡಗಿರಬಹುದು. ಯುರೋಪಿನ ದೊಡ್ಡ ದೊಡ್ಡ ಪಂಡಿತರು ಉತ್ತರ ಹೇಳದೆಯೇ ದಾಟಿಹೋದ ಪ್ರಶ್ನೆ. ತುಳುವಿನಲ್ಲಿ ಬರೆಯುವವನು ದಾಟಿಹೋಗುವ ಹಾಗಿಲ್ಲ, ಎರಡರಲ್ಲಿ ಒಂದನ್ನು ಬರೆಯಲೇಬೇಕು.

ಇಂಥದ್ದನ್ನೆಲ್ಲ ಪರದೇಶಿಯೊಬ್ಬ ಒಬ್ಬನೇ ಕೂತು ತೀರ್ಮಾನಿಸಲು ಸಾಧ್ಯವಿಲ್ಲ. ಪಕ್ಕದಲ್ಲಿ ಮುನ್ಷಿ ಇರುತ್ತಿದ್ದ, ಊರಿನ ಕ್ರೈಸ್ತರು ಇರುತ್ತಿದ್ದರು. ಹೀಗೆ ಹೇಳಿದರೆ ನಗುತ್ತಾರೆ, ಹಾಗೆ ಹೇಳಿದರೆ ಒಪ್ಪುತ್ತಾರೆ ಎಂದು ಹೇಳಿಕೊಟ್ಟವರು ಅವರು. ಇಂದು ನಮ್ಮ ಬಾಯಲ್ಲಿ ಓಡಾಡುವುದು ಮಾತ್ರ ಮಿಷನರಿಗಳ ಹೆಸರು. ಇದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ.

ಮಿಷನರಿಗಳ ಬದುಕೂ ಸುಖದ್ದಾಗಿರಲಿಲ್ಲ. ಮದುವೆಯಾಗಬೇಕಾದರೆ ಬಾಸೆಲಿನ ಕಮಿಟಿಯ ಒಪ್ಪಿಗೆ ಬೇಕು. ಹಲವರಿಗೆ, ಸರಿಯಾಗಿ ಮುಖಪರಿಚಯವೂ ಇಲ್ಲದ ಹೆಣ್ಣು ಹಡಗು ಹತ್ತಿ ಬಂದು ಇಲ್ಲಿ ಮದುವೆ. ಜ್ವರ, ಭೇದಿ, ಬಾಣಂತಿಯ ಸಾವು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಕಳಿಸಬೇಕು, ಮತ್ತೆ ಮುಖ ನೋಡುವುದು ಎಷ್ಟೋ ವರ್ಷಗಳ ಮೇಲೆ. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಇದೇ ಮಿಷನ್ನಿನವನು. ಅವನ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಾಯಿತಂದೆಯನ್ನು ಬಿಟ್ಟು ಯುರೋಪಿನಲ್ಲಿ ಬೆಳೆದಳು. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆಯ ತಾಯಿ ಆಕೆ.

ಮತಾಂತರವಾದವರ ಕಷ್ಟ ಇದಕ್ಕಿಂತ ದೊಡ್ಡದು. ಅವರಲ್ಲಿ ಹೆಚ್ಚಿನವರು ಬಿಲ್ಲವರು. ಸೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಕಸುಬು ಹೋಯಿತು, ಕುಟುಂಬದ ನೆರಳೂ ಹೋಯಿತು. ಅವರಿಗೆ ಕೆಲಸ ಕೊಡಲೆಂದೇ ನೇಯ್ಗೆ, ಮುದ್ರಣ, ಆಮೇಲೆ 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ಮಂಗಳೂರು ಹಂಚು ಎಂದು ನಾವು ಇಂದಿಗೂ ಕರೆಯುವುದು ಅಲ್ಲಿಂದ ಹೊರಟ ಹೆಸರೇ.

ಇನ್ನು ನೋವಿನ ವಿಷಯ. ತುಳುವರಿಗೆ ಭೂತ ಅಂದರೆ ದೈವ. ಊರಿನ ನ್ಯಾಯ ಹೇಳುವುದು, ಮನೆ ಕಾಯುವುದು, ತಪ್ಪಿದರೆ ಗದರಿಸುವುದು ಅದು. ಮಿಷನರಿಗಳ ಬರಹಗಳಲ್ಲಿ ಅದು ಪಿಶಾಚಿಯಾಯಿತು. ಅವರು ಕಲೆಹಾಕಿದ ಸಾಮಗ್ರಿಯನ್ನೂ ಬಳಸಿಕೊಂಡು ಇಂಗ್ಲಿಷ್ ಅಧಿಕಾರಿ ಬರ್ನೆಲ್ ಸಿದ್ಧಪಡಿಸಿದ ದೊಡ್ಡ ಬರಹ 1890ರ ದಶಕದಲ್ಲಿ ಅಚ್ಚಾದಾಗ ಅದರ ಹೆಸರೇ 'ತುಳುವರ ಪಿಶಾಚ ಪೂಜೆ' ಎಂಬ ಅರ್ಥದ್ದು. ಒಂದು ಪದವನ್ನು ಹೀಗೆ ಅನುವಾದಿಸಿದರೆ ಒಂದು ಜನಾಂಗದ ಭಕ್ತಿಗೇ ಕಳಂಕ ಹತ್ತುತ್ತದೆ. ಆ ಕಳಂಕ ಇಂಗ್ಲಿಷ್ ಓದುವವರ ತಲೆಯಿಂದ ಇನ್ನೂ ಪೂರ್ತಿ ಹೋಗಿಲ್ಲ. ತಮಾಷೆ ನೋಡಿ, ಅದೇ ಭೂತಗಳ ಹುಟ್ಟುಕಟ್ಟಿನ ಹಾಡುಗಳನ್ನು, ಅಂದರೆ ಪಾಡ್ದನಗಳನ್ನು, 1886ರಲ್ಲಿ ಅಚ್ಚುಹಾಕಿಸಿದವನೂ ಒಬ್ಬ ಮಿಷನರಿಯೇ, ಮ್ಯಾನರ್. ಅವನ ತುಳು-ಇಂಗ್ಲಿಷ್ ನಿಘಂಟು ಬಂದದ್ದೂ ಆ ವರ್ಷವೇ. ಬ್ರಿಗೆಲ್‌ನ ತುಳು ವ್ಯಾಕರಣ 1872ರಲ್ಲೇ ಬಂದಿತ್ತು. ಜನರನ್ನು ಒಂದು ನಂಬಿಕೆಯಿಂದ ಬಿಡಿಸಲು ಬಂದವರು ಆ ನಂಬಿಕೆಯ ಮಾತುಗಳನ್ನೇ ಕಾಗದದ ಮೇಲೆ ಉಳಿಸಿದರು. ಕೃತಜ್ಞತೆ ಬೇಕೋ ಸಿಟ್ಟು ಬೇಕೋ ಎಂದು ಕೇಳಿದರೆ ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ.

ನಮ್ಮ ಪುಣೆಯ ಪಕ್ಕದಲ್ಲೇ ನಡೆದ ಇನ್ನೊಂದು ಅನುವಾದವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದೌಂಡ್ ದಾರಿಯಲ್ಲಿ ಕೇಡಗಾಂವ್ ಸ್ಟೇಷನ್ ನೋಡಿದ್ದೀರಿ. ಅಲ್ಲಿ ಮುಕ್ತಿ ಆಶ್ರಮ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ. ತಂದೆಯಿಂದಲೂ ತಾಯಿಯಿಂದಲೂ ಸಂಸ್ಕೃತ ಕಲಿತ ಮಗಳು. ಕ್ರೈಸ್ತರಾದ ಮೇಲೆ ಅವರಿಗೆ, ಆಗಿನ ಮರಾಠಿ ಬೈಬಲಿನ ಭಾಷೆ ಬಡ ಹೆಂಗಸರಿಗೆ ತಿಳಿಯುವಂಥದ್ದಲ್ಲ ಎನ್ನಿಸಿತು. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲನ್ನು ಸರಳ ಮರಾಠಿಗೆ ತರಲು ಹದಿನೈದು ವರ್ಷಕ್ಕೂ ಮೇಲ್ಪಟ್ಟು ದುಡಿದರು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಹೋದಳು, ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದಾಗ ಅನುವಾದ ಮುಗಿದಿತ್ತು. 1924ರಲ್ಲಿ ಹೊರಬಂದ ಆ ಪುಸ್ತಕವನ್ನು ಅಚ್ಚು ಮಾಡಿದವರು ಮುಕ್ತಿಯ ಹೆಂಗಸರೇ. ಪಂಡಿತರ ಮಗಳು ತನ್ನ ಪಾಂಡಿತ್ಯವನ್ನೆಲ್ಲ ಬದಿಗಿಟ್ಟು ಬರೆಯುವುದು ಗ್ರೈನರನ ಕಷ್ಟಕ್ಕಿಂತ ಕಡಿಮೆಯೇನಲ್ಲ.

ತುಳುವಿನ ಮುಂದಿನ ಕಥೆ ಗೊತ್ತಿದ್ದದ್ದೇ. ಚರ್ಚಿನಲ್ಲೂ ಶಾಲೆಯಲ್ಲೂ ಕನ್ನಡವೇ ಮೇಲುಗೈಯಾಯಿತು. ನೂರು ವರ್ಷ ಕಳೆದ ಮೇಲೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂತು, 1988ರಿಂದ 1997ರವರೆಗೆ.

ಊರಿಗೆ ಹೋದಾಗ ಬಿಡುವಿದ್ದರೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋಗಿ ಬನ್ನಿ. ಬಾಸೆಲ್ ಮಿಷನ್ನಿನ ಹಳೆಯ ಪುಸ್ತಕಗಳು ಅಲ್ಲಿವೆ. ಹೋಗಲಾಗದವರು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 2018ರಲ್ಲಿ ತೆರೆದಿಟ್ಟ ಗುಂಡರ್ಟ್ ಪೋರ್ಟಲ್‌ನಲ್ಲಿ ಕೆಲವನ್ನು ಮನೆಯಲ್ಲೇ ಕೂತು ನೋಡಬಹುದು. ತುಳು ಬಲ್ಲವರು ಪಕ್ಕದಲ್ಲಿದ್ದರೆ ಗಟ್ಟಿಯಾಗಿ ಓದಿಸಿ. ಯಾವ 'ಬತ್ತೆ' ಯಾರದ್ದು ಎಂದು ಅವರೇ ಹೇಳುತ್ತಾರೆ.