ಮೂತ್ರಾಶಯದ ಒಳಪೊರೆ

ಈ ಸಂಜೆಯ ಭಾಷಣಕ್ಕೆ ನಾವು ಆರಿಸಿಕೊಂಡಿರುವ ವಿಷಯವನ್ನು ಕೇಳಿ ಕೆಲವರು ಶ್ರೋತೃಗಳಿಗೆ ಸಂಕೋಚವಾಗಬಹುದು. ಮನೆಮಂದಿಯೆಲ್ಲ ಕುಳಿತು ಕೇಳುವ ರೇಡಿಯೋದಲ್ಲಿ ಮೂತ್ರದ ಮಾತೇ ಎನ್ನಬಹುದು. ಆ ಸಂಕೋಚದಿಂದ ಆಗುವ ಹಾನಿಯನ್ನು ಕಣ್ಣಾರೆ ಕಂಡುದರಿಂದಲೇ ನಾವು ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಬೋಧಿಸುವವರು. ಆದುದರಿಂದ ಔಷಧದ ಮಾತಿಗಿಂತ ಅಂಗರಚನೆಯ ಮಾತು ಹೆಚ್ಚಾಗಿ ಬಂದರೆ ಶ್ರೋತೃಗಳು ಮನ್ನಿಸಬೇಕು.

ಮೂತ್ರಪಿಂಡಗಳು ಹಗಲಿರುಳೂ ರಕ್ತವನ್ನು ಸೋಸಿ, ದೇಹಕ್ಕೆ ಬೇಡವಾದುದನ್ನು ಹನಿಹನಿಯಾಗಿ ಕೆಳಗಿನ ಚೀಲಕ್ಕೆ ಕಳುಹಿಸುವುವು. ಆ ಚೀಲವೇ ಮೂತ್ರಾಶಯ. ವಯಸ್ಕರಲ್ಲಿ ಅದು ಸುಮಾರು 400 ಮಿಲಿಲೀಟರಿನಷ್ಟನ್ನು ಹಿಡಿಯಬಲ್ಲುದು. ಒಳಗೆ ನಿಂತ ಯೂರಿಯ ಮೊದಲಾದ ಮಲಿನಗಳು ಮರಳಿ ರಕ್ತಕ್ಕೆ ಜಿನುಗಿದರೆ ಸೋಸಿದ ಶ್ರಮವೆಲ್ಲ ವ್ಯರ್ಥವಾಗುವುದು. ಕೆರೆಗೆ ಏರಿ ಹೇಗೋ ಹಾಗೆ, ಅದನ್ನು ತಡೆಯಲು ಈ ಚೀಲಕ್ಕೂ ಒಂದು ಕಟ್ಟು ಬೇಕು. ಆ ಕಟ್ಟು ಹೊರಗಿನ ದಪ್ಪನಾದ ಮಾಂಸಖಂಡವಲ್ಲ. ಒಳಗಡೆ ಅಂಟಿಕೊಂಡಿರುವ ತೆಳುವಾದ ಒಂದು ಪೊರೆ.

ಈ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳ ಹಲವು ಪದರಗಳು ಕಾಣುವುವು. ತಳದಲ್ಲಿ ಚಿಕ್ಕವು, ನಡುವೆ ಸ್ವಲ್ಪ ದೊಡ್ಡವು, ಮೇಲೆ ಬಹಳ ಅಗಲವಾದವು. ಮೇಲಿನ ಒಂದೊಂದು ಕೋಶವೂ ಕೆಳಗಿನ ಹಲವನ್ನು ಕೊಡೆಯಂತೆ ಮುಚ್ಚಿರುವುದರಿಂದ ಶಾಸ್ತ್ರಜ್ಞರು ಅದಕ್ಕೆ ಕೊಡೆಕೋಶವೆಂದೇ ಹೆಸರಿಟ್ಟಿದ್ದಾರೆ. ಅದರ ಮೇಲ್ಮೈಯಲ್ಲಿ ಯೂರೋಪ್ಲಾಕಿನ್ ಎಂಬ ಪ್ರೋಟೀನುಗಳು, ಮಾಡಿಗೆ ಹೆಂಚು ಹೊದಿಸಿದಂತೆ, ಒತ್ತೊತ್ತಾಗಿ ಜೋಡಿಸಿಕೊಂಡಿವೆ. ಅಕ್ಕಪಕ್ಕದ ಕೋಶಗಳ ನಡುವಿನ ಸಂದುಗಳೂ ಬಿಗಿಯಾದ ಹೊಲಿಗೆಯಿಂದ ಮುಚ್ಚಿರುವುವು. ಚೀಲ ತುಂಬಿದಂತೆಲ್ಲ ಪೊರೆಯ ಮಡಿಕೆಗಳು ಸೀರೆಯ ನಿರಿಗೆಯಂತೆ ಬಿಚ್ಚಿಕೊಳ್ಳುವುವು. ಕೊಡೆಕೋಶವು ತನ್ನೊಳಗೆ ಶೇಖರಿಸಿಟ್ಟಿದ್ದ ಹೊದಿಕೆಯನ್ನು ಹೊರಕ್ಕೆ ತಂದು ತಾನೂ ಅಗಲವಾಗುವುದು. ಬರಿದಾದಾಗ ಅದನ್ನು ಮತ್ತೆ ಒಳಕ್ಕೆ ಸೆಳೆದುಕೊಳ್ಳುವುದು.

ಕರುಳಿನ ಒಳಪೊರೆ ಕೆಲವೇ ದಿನಗಳಲ್ಲಿ ಹೊಸದಾಗುವುದು. ಮೂತ್ರಾಶಯದ ಪೊರೆಯ ಕೋಶಗಳಾದರೋ ತಿಂಗಳುಗಟ್ಟಲೆ ಬಾಳುವುವು. ಆದರೂ ಪೆಟ್ಟು ತಗುಲಿದರೆ ಕೆಳಗಿನ ಕೋಶಗಳು ಬೇಗನೆ ವೃದ್ಧಿಯಾಗಿ ಗಾಯವನ್ನು ಮುಚ್ಚುವುವು. ಉರಿಮೂತ್ರದ ಸೋಂಕನ್ನು ಸಾಮಾನ್ಯವಾಗಿ ಉಂಟುಮಾಡುವ ಇ. ಕೋಲಿ ಎಂಬ ಸೂಕ್ಷ್ಮಜೀವಿಯು ಆ ಯೂರೋಪ್ಲಾಕಿನ್ ಹೆಂಚನ್ನೇ ಹಿಡಿದು ಅಂಟಿಕೊಂಡು ಕೋಶದ ಒಳಹೊಗುವುದು. ಆಗ ಕೊಡೆಕೋಶವು ಕ್ರಿಮಿಸಮೇತವಾಗಿ ಕಳಚಿ ಬಿದ್ದು ಮೂತ್ರದೊಡನೆ ಹೊರಟುಹೋಗುವುದು. ಶತ್ರುವನ್ನು ಹೊರಹಾಕಲು ತನ್ನನ್ನೇ ತೆತ್ತ ಕಾವಲುಗಾರನೆಂದು ಅದನ್ನು ಕರೆಯಬಹುದು.

ಇದಕ್ಕಿಂತ ಘೋರವಾದ ವ್ಯಾಧಿಯೊಂದುಂಟು, ಅದೇ ಕ್ಯಾನ್ಸರು. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಎಂಬವರು, ಬಣ್ಣದ ಕಾರ್ಖಾನೆಯ ಕೂಲಿಗಾರರಲ್ಲಿ ಮೂತ್ರಾಶಯದ ಗೆಡ್ಡೆಗಳನ್ನು ಕಂಡು ವಿದ್ವತ್ಸಭೆಗೆ ತಿಳಿಸಿದರು. 1938ರಲ್ಲಿ ಅಮೆರಿಕದ ವಿಲ್ಹೆಲ್ಮ್ ಹ್ಯೂಪರ್ ಮತ್ತು ಸಂಗಡಿಗರು, ಬಣ್ಣದ ತಯಾರಿಕೆಯಲ್ಲಿ ಬಳಸುತ್ತಿದ್ದ ಬೀಟ ನ್ಯಾಫ್ತಿಲಮೀನ್ ಎಂಬ ದ್ರವ್ಯದಿಂದ ನಾಯಿಗಳಲ್ಲಿ ಅದೇ ರೋಗ ಹುಟ್ಟುವುದೆಂದು ತೋರಿಸಿದರು. ಕಾರ್ಖಾನೆಯ ಮುಖವನ್ನೇ ಕಾಣದವರು ಇದನ್ನು ಕೇಳಿ ನಿಶ್ಚಿಂತರಾಗಬೇಕಾಗಿಲ್ಲ. ಅದೇ ದ್ರವ್ಯ ತಂಬಾಕಿನ ಹೊಗೆಯಲ್ಲಿಯೂ ಇದೆ. ಎಳೆದ ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಅದರ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಸೋಸಿ, ಕಡೆಗೆ ಬಂದು ನಿಲ್ಲುವುದು ಈ ಪೊರೆಯ ಮೇಲೆ, ಅದೂ ಗಂಟೆಗಟ್ಟಲೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಅಲ್ಲಿನ ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ವ್ಯಾಧಿಗೆ ಧೂಮಪಾನವೇ ಕಾರಣ. ಫಲ ಕಾಣಿಸಿಕೊಳ್ಳಲು ಹಲವು ದಶಕಗಳೇ ಹಿಡಿಯಬಹುದು.

ಇನ್ನು ನಾವು ಕಣ್ಣಾರೆ ಕಂಡ ಸಂಗತಿ. ನಮ್ಮ ಸೋದರಮಾವನವರು ಬಹುಕಾಲ ಸಿಗರೇಟು ಸೇದಿದವರು. ಒಂದು ಬೆಳಗ್ಗೆ ಅವರಿಗೆ ಮೂತ್ರ ಓಕುಳಿಯ ನೀರಿನಂತೆ ಹೋಯಿತು. ನೋವು ಸ್ವಲ್ಪವೂ ಇರಲಿಲ್ಲ. ಉಷ್ಣವಾಗಿರಬೇಕೆಂದು ಎಳನೀರು ಕುಡಿದರು. ಮಾರನೆಯ ದಿನ ನೀರು ತಿಳಿಯಾಯಿತು. ಕೀರ್ತಿ ಎಳನೀರಿಗೆ ಬಂದಿತು. ಮೂರು ತಿಂಗಳ ಮೇಲೆ ಮತ್ತೆ ಹಾಗೆಯೇ ಆಯಿತು, ಮತ್ತೆ ತಾನಾಗಿ ನಿಂತಿತು. ಅತ್ತೆಯವರಿಗೂ ಅವರು ಬಾಯಿಬಿಡಲಿಲ್ಲ. ಕೊನೆಗೆ ನೋವು ತೋರಿ ವೈದ್ಯರಲ್ಲಿಗೆ ಹೋದಾಗ ಗೆಡ್ಡೆ ಪೊರೆಯನ್ನು ದಾಟಿ ಮಾಂಸಖಂಡಕ್ಕೆ ಇಳಿದಿದ್ದಿತು. ದೋಷ ಎಳನೀರಿನದಲ್ಲ, ನಿಂತುದನ್ನೇ ವಾಸಿಯಾದುದೆಂದು ಎಣಿಸಿದ ನಂಬಿಕೆಯದು. ಈ ರೋಗದಲ್ಲಿ ರಕ್ತ ಬಂದು ನಿಲ್ಲುವುದು, ತಿಂಗಳ ಮೇಲೆ ಮತ್ತೆ ಬರುವುದು ಸಾಮಾನ್ಯ.

ಹೀಗೆಂದು ಹೆದರಬೇಕಾಗಿಲ್ಲ. ಕಲ್ಲು, ಸೋಂಕು ಮೊದಲಾದ ಬೇರೆ ಕಾರಣಗಳಿಂದಲೂ ರಕ್ತ ಕಾಣಿಸುವುದುಂಟು. ಯಾವುದೆಂಬುದನ್ನು ನಿರ್ಣಯಿಸಬೇಕಾದುದು ಪರೀಕ್ಷೆ; ನಮ್ಮ ಊಹೆಯಲ್ಲ. ಮೂತ್ರಾಶಯದೊಳಕ್ಕೆ ಇಣಿಕಿ ನೋಡುವ ದೀಪದ ನಳಿಗೆಯನ್ನು ಮ್ಯಾಕ್ಸಿಮಿಲಿಯನ್ ನಿಟ್ಸೆ ಎಂಬ ಜರ್ಮನ್ ವೈದ್ಯರು 1870ರ ದಶಕದಲ್ಲಿಯೇ ರೂಪಿಸಿದರು. ಗೆಡ್ಡೆ ಪೊರೆಯಲ್ಲಿಯೇ ಇರುವಾಗ ಸಿಕ್ಕಿದರೆ ಅದೇ ಮಾರ್ಗವಾಗಿ ಕೆರೆದು ತೆಗೆಯಬಹುದು. ಕ್ಷಯರೋಗದ ತಡೆಗಾಗಿ ಕೊಡುವ ಬಿ.ಸಿ.ಜಿ. ಲಸಿಕೆಯನ್ನು ಮೂತ್ರಾಶಯದೊಳಕ್ಕೇ ಸುರಿದರೆ ಆ ಗೆಡ್ಡೆ ಮರುಕಳಿಸುವುದು ಕಡಿಮೆಯಾಗುವುದೆಂಬುದನ್ನು 1976ರಲ್ಲಿ ಕೆನಡದ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಅದು ಈಗಲೂ ಬಳಕೆಯಲ್ಲಿದೆ.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಮೂತ್ರದಲ್ಲಿ ಕೆಂಪು ಒಂದೇ ಸಲ ಕಂಡರೂ, ನೋವಿಲ್ಲದಿದ್ದರೂ, ಮರುದಿನ ನಿಂತುಹೋದರೂ, ವೈದ್ಯರಿಗೆ ತಿಳಿಸಿರಿ. ಮನೆಯ ಹಿರಿಯರು ಹೇಳಲು ನಾಚಿದರೆ ಕಿರಿಯರು ವಿನಯದಿಂದ ಕೇಳಿರಿ. ಆ ತೆಳುವಾದ ಪೊರೆಗೆ ಬಾಯಿಲ್ಲ. ಅದು ಆಡಬಲ್ಲ ಮಾತು ಆ ಕೆಂಪೊಂದೇ.