ವೈಲ್ಡ್ ಬಂಚ್‌ನ ಏಳುಬೀಳು



ಸಿನಿಮಾ ಕಲಿತವರ ಘಟಿಕೋತ್ಸವದಲ್ಲಿ ನಿರ್ದೇಶಕರ ಹೆಸರು ಕೇಳಿಬರುವುದು ವಾಡಿಕೆ. ಛಾಯಾಗ್ರಾಹಕರು, ಸಂಕಲನಕಾರರು ಕೂಡ ಒಮ್ಮೊಮ್ಮೆ ನೆನಪಾಗುತ್ತಾರೆ. ವಿತರಕರ ಮಾತು ಮಾತ್ರ ಬರುವುದೇ ಇಲ್ಲ. ಅವರ ಲಾಂಛನ ತೆರೆಯ ಮೇಲೆ ಮೂಡಿ ಮರೆಯಾಗುವ ಹೊತ್ತಿಗೆ ಪ್ರೇಕ್ಷಕರು ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ. ಆದರೆ ರುಮೇನಿಯಾದ ಒಂದು ಪುಟ್ಟ ಚಿತ್ರ, ಜಪಾನಿನ ಒಂದು ಅನಿಮೇಷನ್, ಮಾತೇ ಇಲ್ಲದ ಒಂದು ಕಪ್ಪುಬಿಳುಪು ಕಥೆ ಲೋಕ ಸುತ್ತಿದ್ದು ಅಂಥ ಜನರಿಂದ. ಇವತ್ತಿನ ಮಾತು ಪ್ಯಾರಿಸ್ಸಿನ ಒಂದು ವಿತರಣಾ ಸಂಸ್ಥೆಯ ಬಗ್ಗೆ. ಅದರ ಹೆಸರು ವೈಲ್ಡ್ ಬಂಚ್.

ಅದು ಹುಟ್ಟಿದ್ದು ದೊಡ್ಡ ಮನೆಯೊಂದರ ಒಳಗೆ. ಫ್ರಾನ್ಸಿನ ಸ್ಟುಡಿಯೋಕೆನಾಲ್ ಕಂಪನಿಯಲ್ಲಿ ವಿದೇಶಿ ಮಾರಾಟ ನೋಡಿಕೊಳ್ಳುತ್ತಿದ್ದ ತಂಡವೊಂದು, ಸ್ಯಾಮ್ ಪೆಕಿನ್‌ಪಾ 1969ರಲ್ಲಿ ಮಾಡಿದ ಚಿತ್ರದ ಹೆಸರನ್ನು ತನಗಿಟ್ಟುಕೊಂಡು ಕೆಲಸ ಮಾಡುತ್ತಿತ್ತು. ಸ್ಟುಡಿಯೋಕೆನಾಲ್‌ನ ಒಡೆತನ ಹೊಂದಿದ್ದ ವಿವೆಂಡಿ ಯೂನಿವರ್ಸಲ್ 2002ರಲ್ಲಿ ಸಾಲದ ಹೊರೆಗೆ ಸಿಕ್ಕಿ ತತ್ತರಿಸಿತು. ವಿನ್ಸೆಂಟ್ ಮರಾವಾಲ್, ವಿನ್ಸೆಂಟ್ ಗ್ರಿಮೋಂ, ಬ್ರಾಹಿಂ ಶಿಯುವಾ, ಅಲೆನ್ ದ ಲಾ ಮಾಟಾ ಮೊದಲಾದವರು ಅದೇ ವರ್ಷ ಬೇರೆಯಾಗಿ ಸ್ವತಂತ್ರ ಸಂಸ್ಥೆ ಕಟ್ಟಿದರು. ಅವರ ಕೈಯಲ್ಲಿ ಸ್ಟುಡಿಯೋ ಇರಲಿಲ್ಲ, ಚಿತ್ರಮಂದಿರಗಳ ಸರಪಳಿ ಇರಲಿಲ್ಲ, ಟಿವಿ ವಾಹಿನಿಯೂ ಇರಲಿಲ್ಲ. ಇದ್ದದ್ದು ಯಾವ ಚಿತ್ರ ಯಾವ ದೇಶದಲ್ಲಿ ಯಾರಿಗೆ ಬೇಕಾದೀತು ಎಂಬ ಅಂದಾಜು, ಮತ್ತು ಆ ಅಂದಾಜಿನ ಮೇಲೆ ಹಣ ಹೂಡುವ ಎದೆಗಾರಿಕೆ.

ಈ ಕಸುಬು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಗಾಂಧಿನಗರದಲ್ಲಿ ಎಂ.ಜಿ. ಎಂಬ ಮಾತು ಗೊತ್ತಿಲ್ಲದವರಿಲ್ಲ. ಚಿತ್ರ ಓಡಲಿ ಬಿಡಲಿ, ಇಂತಿಷ್ಟು ಹಣ ಖಾತ್ರಿ ಎಂದು ವಿತರಕ ಮುಂಗಡವಾಗಿ ಕೊಡುವ ಮೊತ್ತ ಅದು. ಅಂತಾರಾಷ್ಟ್ರೀಯ ಮಾರಾಟಗಾರ ಇದೇ ಕೆಲಸವನ್ನು ದೇಶದೇಶಗಳ ಮಟ್ಟದಲ್ಲಿ ಮಾಡುತ್ತಾನೆ. ಚಿತ್ರ ಇನ್ನೂ ಕಾಗದದ ಮೇಲಿರುವಾಗಲೇ ನಿರ್ಮಾಪಕನಿಗೆ ಎಂ.ಜಿ. ಒಪ್ಪಿಕೊಂಡು, ಕಾನ್ ಚಿತ್ರೋತ್ಸವದ ಮಾರುಕಟ್ಟೆಯಲ್ಲೋ ಬರ್ಲಿನ್‌ನಲ್ಲೋ ಮೇಜು ಹಾಕಿ ಕೂರುತ್ತಾನೆ. ಇಟಲಿಯ ಹಕ್ಕು ಒಬ್ಬರಿಗೆ, ಜಪಾನಿನದು ಇನ್ನೊಬ್ಬರಿಗೆ, ಬ್ರೆಜಿಲ್‌ನದು ಮತ್ತೊಬ್ಬರಿಗೆ ಹೋಗುತ್ತದೆ. ಆ ಒಪ್ಪಂದಪತ್ರಗಳನ್ನು ಬ್ಯಾಂಕಿಗೆ ತೋರಿಸಿ ಸಾಲ ಎತ್ತಿದ ಮೇಲೆ ಚಿತ್ರೀಕರಣ ಶುರು. ಹೀಗೆ ಮಾರಾಟಗಾರನ ಅಭಿರುಚಿಯೇ ಎಷ್ಟೋ ಚಿತ್ರಗಳ ಮೂಲ ಬಂಡವಾಳ.

ವೈಲ್ಡ್ ಬಂಚ್‌ನ ಅಭಿರುಚಿ ಎಂಥದೆಂದು 2002ರ ಕಾನ್‌ನಲ್ಲೇ ಗೊತ್ತಾಯಿತು. ಗ್ಯಾಸ್ಪರ್ ನೋಯೆಯ 'ಇರ್‍ರಿವರ್ಸಿಬಲ್' ತಡೆದುಕೊಳ್ಳಲಾಗದೆ ಪ್ರೇಕ್ಷಕರು ಎದ್ದು ಹೊರನಡೆದರು. ಅದನ್ನು ವಿದೇಶಗಳಿಗೆ ಮಾರುತ್ತಿದ್ದವರು ಇವರೇ. ಎರಡು ವರ್ಷ ಕಳೆಯುವಷ್ಟರಲ್ಲಿ ಇವರ ಪಟ್ಟಿಗೆ ಮೈಕಲ್ ಮೂರ್‌ನ 'ಫ್ಯಾರನ್‌ಹೀಟ್ 9/11' ಬಂತು. ಅಮೆರಿಕದಲ್ಲಿ ಡಿಸ್ನಿ ತನ್ನ ಅಂಗಸಂಸ್ಥೆ ಮಿರಾಮ್ಯಾಕ್ಸ್‌ಗೆ ಅದನ್ನು ಬಿಡುಗಡೆ ಮಾಡಲು ಬಿಡಲಿಲ್ಲ. ಚಿತ್ರ ಕಾನ್‌ನ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಗೆದ್ದಿತು. ಸಾಕ್ಷ್ಯಚಿತ್ರವೊಂದು ಲೋಕದಾದ್ಯಂತ 20 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. 2007ರಲ್ಲಿ ರುಮೇನಿಯಾದ ಕ್ರಿಸ್ಟಿಯನ್ ಮುಂಜಿಯು ಕಡಿಮೆ ಖರ್ಚಿನಲ್ಲಿ ಮಾಡಿದ '4 ತಿಂಗಳು, 3 ವಾರ, 2 ದಿನ' ಇವರ ಪಟ್ಟಿಯಿಂದಲೇ ಹೊರಟು ಪಾಮ್ ದೋರ್ ತಂದಿತು. ಆ ಚಿತ್ರದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ರುಮೇನಿಯಾದ ಬಹಳಷ್ಟು ಊರುಗಳಲ್ಲಿ ಆಗ ಚಿತ್ರಮಂದಿರಗಳೇ ಉಳಿದಿರಲಿಲ್ಲ. ಮುಂಜಿಯು ಪ್ರೊಜೆಕ್ಟರ್ ಹೊತ್ತ ಸಂಚಾರಿ ತಂಡ ಕಟ್ಟಿಕೊಂಡು ಊರೂರಿಗೆ ಹೋಗಿ ಚಿತ್ರ ತೋರಿಸಿದ. ಟೂರಿಂಗ್ ಟಾಕೀಸಿನ ನೆನಪಿರುವ ನಾಡಿನವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

2008ನೇ ವರ್ಷ ಈ ಕಂಪನಿಯ ಇಡೀ ಸ್ವಭಾವವನ್ನು ತೋರಿಸಿಕೊಟ್ಟಿತು. ಡ್ಯಾರೆನ್ ಆರೊನಾಫ್‌ಸ್ಕಿ 'ದಿ ರೆಸ್ಲರ್' ಮಾಡಲು ಹೊರಟಾಗ ನಾಯಕನ ಪಾತ್ರಕ್ಕೆ ಮಿಕ್ಕಿ ರೂರ್ಕ್ ಬೇಕೆಂದು ಪಟ್ಟು ಹಿಡಿದಿದ್ದ. ರೂರ್ಕ್ ಆಗ ಬೇಡಿಕೆ ಕಳೆದುಕೊಂಡ ನಟ. ಹೆಸರು ಕೇಳುತ್ತಲೇ ಹಣ ಹಾಕುವವರು ಹಿಂದೆ ಸರಿಯುತ್ತಿದ್ದರು. ಸುಮಾರು 60 ಲಕ್ಷ ಡಾಲರ್ ಹೊಂದಿಸಿಕೊಟ್ಟದ್ದು ವೈಲ್ಡ್ ಬಂಚ್. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಚಿನ್ನದ ಸಿಂಹ ಪ್ರಶಸ್ತಿ ಬಂತು, ಟೊರಾಂಟೋದಲ್ಲಿ ಫಾಕ್ಸ್ ಸರ್ಚ್‌ಲೈಟ್ ಅಮೆರಿಕದ ಹಕ್ಕು ಕೊಂಡಿತು, ರೂರ್ಕ್ ಆಸ್ಕರ್ ನಾಮನಿರ್ದೇಶನದವರೆಗೆ ಹೋದ. ಅದೇ ವರ್ಷದ ಇನ್ನೊಂದು ಸಾಹಸ ಸ್ಟೀವನ್ ಸೋಡರ್‌ಬರ್ಗ್‌ನ 'ಚೆ'. ನಾಲ್ಕು ಗಂಟೆಗೂ ಮೀರಿದ, ಸ್ಪ್ಯಾನಿಷ್ ಭಾಷೆಯಲ್ಲೇ ಆಗಬೇಕೆಂದು ನಿರ್ದೇಶಕ ಹಟ ಹಿಡಿದ ಚಿತ್ರ ಅದು. ವೆಚ್ಚ ಆರು ಕೋಟಿ ಡಾಲರಿನ ಹತ್ತಿರ. ಇಂಗ್ಲಿಷಿನಲ್ಲಿ ಇಲ್ಲವೆಂದರೆ ಅಮೆರಿಕದ ಹಣ ಬರುವುದಿಲ್ಲವೆಂದು ತಿಳಿದೂ ವೈಲ್ಡ್ ಬಂಚ್ ಸ್ಪೇನಿನ ಟೆಲೆಸಿಂಕೋ ಜೊತೆ ಸೇರಿ ಅದರ ಬೆನ್ನಿಗೆ ನಿಂತಿತು. ಬೆನಿಸಿಯೊ ಡೆಲ್ ಟೋರೊಗೆ ಕಾನ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ ಹಾಕಿದ ಹಣ ಹುಟ್ಟಲಿಲ್ಲ. ಎರಡೂ ಚಿತ್ರಗಳನ್ನು ಆರಿಸಿದ್ದು ಒಂದೇ ಕಣ್ಣು. 'ಚೆ' ತಪ್ಪು ಆಯ್ಕೆ ಎಂದು ಇವತ್ತಿಗೂ ಹೇಳುವಂತಿಲ್ಲ. ಆ ಹಣ ಇಲ್ಲದಿದ್ದರೆ ಆ ಚಿತ್ರ ಆ ರೂಪದಲ್ಲಿ ಇರುತ್ತಲೇ ಇರಲಿಲ್ಲ.

ಮುಂದಿನ ಐದು ವರ್ಷ ಏರುಗಾಲ. ಮಿಶೆಲ್ ಹಜನಾವಿಸ್ಯೂಸ್‌ನ ಕಪ್ಪುಬಿಳುಪು ಮೂಕಿಚಿತ್ರ 'ದಿ ಆರ್ಟಿಸ್ಟ್' 2012ರ ಫೆಬ್ರುವರಿಯಲ್ಲಿ ಶ್ರೇಷ್ಠ ಚಿತ್ರ ಸೇರಿ ಐದು ಆಸ್ಕರ್ ಗೆದ್ದಾಗ ಅದನ್ನು ಲೋಕಕ್ಕೆ ಮಾರಿದ್ದವರು ಇವರು. 2013ರಲ್ಲಿ ಇವರದೇ ಪಟ್ಟಿಯ, ಅಬ್ದೆಲತೀಫ್ ಕೆಶಿಶ್‌ನ 'ಬ್ಲೂ ಇಸ್ ದಿ ವಾರ್ಮೆಸ್ಟ್ ಕಲರ್' ಪಾಮ್ ದೋರ್ ಪಡೆಯಿತು. ಸ್ಪೀಲ್‌ಬರ್ಗ್ ಅಧ್ಯಕ್ಷತೆಯ ತೀರ್ಪುಗಾರರು ಪ್ರಶಸ್ತಿಯನ್ನು ನಿರ್ದೇಶಕನ ಜೊತೆಗೆ ಇಬ್ಬರು ನಟಿಯರಿಗೂ ಹಂಚಿದರು.

ಆದರೆ ಕಂಪನಿಯ ಒಳಗಿನವರಿಗೆ ನೆಲ ಕುಸಿಯುತ್ತಿರುವುದು ಅಷ್ಟರಲ್ಲೇ ಗೊತ್ತಾಗಿತ್ತು. 2012ರ ಡಿಸೆಂಬರ್ 28ರಂದು ಮರಾವಾಲ್ 'ಲ ಮೊಂದ್' ಪತ್ರಿಕೆಯಲ್ಲಿ ಬರೆದ ಲೇಖನ ಫ್ರೆಂಚ್ ಚಿತ್ರರಂಗದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ತಾರೆಯರ ಸಂಭಾವನೆ ಮಿತಿಮೀರಿದೆ, ಅದು ಬರುತ್ತಿರುವುದು ಪ್ರೇಕ್ಷಕರ ಜೇಬಿನಿಂದಲ್ಲ, ಚಿತ್ರಗಳಿಗೆ ಹಣ ಹಾಕಲೇಬೇಕೆಂಬ ಕಟ್ಟುಪಾಡಿಗೆ ಒಳಗಾದ ಟಿವಿ ವಾಹಿನಿಗಳಿಂದ ಎಂಬುದು ಅವನ ವಾದ. ಅದು ಹೊರಗಿನವನ ಟೀಕೆಯಲ್ಲ. ಅದೇ ವರ್ಷ ತೆರೆಕಂಡ ಸುಮಾರು ಆರು ಕೋಟಿ ಯೂರೋ ವೆಚ್ಚದ 'ಆಸ್ಟೆರಿಕ್ಸ್' ಚಿತ್ರವನ್ನು ಫ್ರಾನ್ಸಿನಲ್ಲಿ ಬಿಡುಗಡೆ ಮಾಡಿದ್ದು ವೈಲ್ಡ್ ಬಂಚ್. ಅದೇ ಸರಣಿಯಲ್ಲಿ 2002ರಲ್ಲಿ ಬಂದ ಚಿತ್ರಕ್ಕೆ ಆ ದೇಶದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಟಿಕೆಟ್ ಹೋಗಿದ್ದವು. ಇದಕ್ಕೆ ಹೋದದ್ದು 40 ಲಕ್ಷಕ್ಕಿಂತ ಕಡಿಮೆ.

ಒಂದು ಟಿಕೆಟಿನ ಲೆಕ್ಕ ಹಾಕಿದರೆ ಸಂಕಟ ಅರ್ಥವಾಗುತ್ತದೆ. ಫ್ರಾನ್ಸಿನಲ್ಲಿ ಹತ್ತು ಯೂರೋ ಟಿಕೆಟಿನಲ್ಲಿ ಶೇ. 10.72 ಭಾಗ ಸರ್ಕಾರಿ ಸಿನಿಮಾ ಕೇಂದ್ರದ ನಿಧಿಗೆ ಹೋಗುತ್ತದೆ. ಆ ನಿಧಿಯಿಂದಲೇ ಮುಂದಿನ ಚಿತ್ರಗಳಿಗೆ ನೆರವು ಸಿಗುತ್ತದೆ. ಅದು ಆ ದೇಶದ ದೊಡ್ಡ ಪುಣ್ಯ. ಬಳಿಕ ತೆರಿಗೆ, ಸಂಗೀತದ ಹಕ್ಕಿನ ಶುಲ್ಕ, ಚಿತ್ರಮಂದಿರದ ಪಾಲು. ವಿತರಕನ ಕಡೆಗೆ ಬರುವುದು ಸುಮಾರು ನಾಲ್ಕು ಯೂರೋ. ಅದರಲ್ಲೇ ಪೋಸ್ಟರ್, ಟ್ರೇಲರ್, ಜಾಹೀರಾತಿನ ಖರ್ಚು ಕಳೆದು, ಕೊಟ್ಟ ಎಂ.ಜಿ. ವಾಪಸ್ ಬರಬೇಕು. ಪ್ರತಿ ಬುಧವಾರ ಹತ್ತಕ್ಕೂ ಹೆಚ್ಚು ಹೊಸ ಚಿತ್ರ ಬಿಡುಗಡೆಯಾಗುವ ದೇಶದಲ್ಲಿ ಒಂದು ಚಿತ್ರಕ್ಕೆ ಕಾಲೂರಲು ಸಿಗುವುದು ಒಂದೆರಡು ವಾರ. ಥಿಯೇಟರಿನಲ್ಲಿ ಆಗುತ್ತಿದ್ದ ನಷ್ಟವನ್ನು ಡಿವಿಡಿಯೂ ಟಿವಿಯೂ ತುಂಬಿಕೊಡುತ್ತಿದ್ದವು. ಆದರೆ ಡಿವಿಡಿ ಮಾರಾಟ 2000ರ ದಶಕದ ನಡುವಿನಿಂದ ಇಳಿಯುತ್ತಲೇ ಹೋಯಿತು, ಟಿವಿಯವರು ಇಂಥ ಚಿತ್ರ ಕೊಳ್ಳುವುದನ್ನು ಕಡಿಮೆ ಮಾಡಿದರು. ಸ್ಪೇನ್ 2012ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟಿನ ತೆರಿಗೆಯನ್ನು ಶೇ. 8ರಿಂದ 21ಕ್ಕೆ ಏರಿಸಿತು. ಚಿತ್ರಗಳನ್ನು ಒಂದೊಂದೇ ದೇಶಕ್ಕೆ ಮಾರಿ ಬದುಕುವವರಿಗೆ ಪ್ರತಿಯೊಂದು ದೇಶದ ಕಷ್ಟವೂ ತಮ್ಮದೇ ಕಷ್ಟ.

ಆಗ ವೈಲ್ಡ್ ಬಂಚ್‌ನವರು ಎರಡು ದಾರಿ ಹಿಡಿದರು. ಮೊದಲನೆಯದು ದಿಟ್ಟತನದ್ದು. 2014ರ ಮೇನಲ್ಲಿ, ಕಾನ್ ಉತ್ಸವ ನಡೆಯುತ್ತಿದ್ದಾಗಲೇ, ಏಬಲ್ ಫೆರಾರಾನ 'ವೆಲ್ಕಮ್ ಟು ನ್ಯೂಯಾರ್ಕ್' ಚಿತ್ರವನ್ನು ಫ್ರಾನ್ಸಿನಲ್ಲಿ ಥಿಯೇಟರಿಗೆ ಬಿಡದೆ ನೇರವಾಗಿ ಅಂತರ್ಜಾಲದಲ್ಲಿ ಏಳು ಯೂರೋಗೆ ಬಿಡುಗಡೆ ಮಾಡಿದರು. ಥಿಯೇಟರಿಗೆ ಬಂದ ಚಿತ್ರ ನಾಲ್ಕು ತಿಂಗಳು ಕಳೆಯದೆ ಆನ್‌ಲೈನ್‌ಗೆ ಹೋಗುವಂತಿಲ್ಲ ಎಂಬುದು ಆಗ ಅಲ್ಲಿದ್ದ ನಿಯಮ; ಥಿಯೇಟರನ್ನೇ ಬಿಟ್ಟರೆ ಆ ನಿಯಮ ಅಡ್ಡ ಬರುತ್ತಿರಲಿಲ್ಲ. ಪ್ರೇಕ್ಷಕರು ಯಾವ ಕಡೆ ಹೊರಟಿದ್ದಾರೆಂದು ಅವರಿಗೆ ಬೇರೆಯವರಿಗಿಂತ ಮೊದಲೇ ತಿಳಿದಿತ್ತು.

ಎರಡನೆಯದು ದೊಡ್ಡದಾಗುವ ದಾರಿ. ಇಟಲಿ, ಸ್ಪೇನ್‌ಗಳ ವಿತರಣಾ ಕಂಪನಿಗಳನ್ನು ಅದಾಗಲೇ ತೆಕ್ಕೆಗೆ ತೆಗೆದುಕೊಂಡಿದ್ದವರು, 2015ರಲ್ಲಿ ಬರ್ಲಿನ್‌ನ ಸೆನೆಟರ್ ಕಂಪನಿಯ ಜೊತೆ ವಿಲೀನವಾಗಿ, ವೈಲ್ಡ್ ಬಂಚ್ ಎ.ಜಿ. ಎಂಬ ಹೆಸರಿನಲ್ಲಿ ಫ್ರಾಂಕ್‌ಫರ್ಟ್ ಷೇರುಪೇಟೆಗೆ ಬಂದರು. ಹಲವು ದೇಶಗಳ ಹಕ್ಕನ್ನು ಒಟ್ಟಿಗೆ ಕೊಂಡರೆ ಬೆಲೆಯಲ್ಲಿ ಹಿಡಿತ ಸಿಗುತ್ತದೆಂಬ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಸೆನೆಟರ್ 2004ರಲ್ಲೇ ಒಮ್ಮೆ ದಿವಾಳಿಯ ಬಾಗಿಲಿಗೆ ಹೋಗಿ ಬಂದ ಸಂಸ್ಥೆ. ಮೂರು ತಿಂಗಳಿಗೊಮ್ಮೆ ಅಂಕಿಅಂಶ ಕೇಳುವ ಷೇರುದಾರರಿಗೂ ಮೂರು ವರ್ಷಕ್ಕೊಮ್ಮೆ ಫಲ ಕೊಡುವ ಚಿತ್ರಗಳಿಗೂ ಹೊಂದಾಣಿಕೆ ಆಗಲಿಲ್ಲ. ಈ ಇಡೀ ಕಥೆಯಲ್ಲಿ ದುಬಾರಿಯಾದ ನಿರ್ಧಾರ ಇದೇ.

ಅದೇ ಹೊತ್ತಿಗೆ ನೆಟ್‌ಫ್ಲಿಕ್ಸ್ ಬಂತು. ಲೋಕದ ಎಲ್ಲ ದೇಶಗಳ ಹಕ್ಕನ್ನು ಒಂದೇ ಚೆಕ್ಕಿನಲ್ಲಿ ಕೊಳ್ಳುವವರು ಬಂದ ಮೇಲೆ, ದೇಶದೇಶಕ್ಕೆ ಬಿಡಿಸಿ ಮಾರುವವರಿಗೆ ಒಳ್ಳೆಯ ಚಿತ್ರ ಸಿಗುವುದೇ ಕಷ್ಟವಾಯಿತು. 'ಐ, ಡೇನಿಯಲ್ ಬ್ಲೇಕ್' (2016), 'ಶಾಪ್‌ಲಿಫ್ಟರ್ಸ್' (2018) ಚಿತ್ರಗಳು ಪಾಮ್ ದೋರ್ ತಂದರೂ ಸಾಲ ತೀರಲಿಲ್ಲ. 2018-19ರಲ್ಲಿ ಸಾಲದ ಮರುಹೊಂದಾಣಿಕೆ ನಡೆದು, ಜರ್ಮನಿಯ ಹಣಕಾಸುದಾರ ಲಾರ್ಸ್ ವಿಂಡ್‌ಹಾರ್ಸ್ಟ್‌ನ ಬಂಡವಾಳ ಗುಂಪು ಬಹುಪಾಲು ಒಡೆತನ ಪಡೆಯಿತು. ಕೊರೊನಾ ಕಾಲದಲ್ಲಿ ಫ್ರಾನ್ಸಿನ ಚಿತ್ರಮಂದಿರಗಳು 2020ರ ಮಾರ್ಚ್‌ನಲ್ಲಿ ಒಮ್ಮೆ, ಅಕ್ಟೋಬರ್ ಕೊನೆಯಲ್ಲಿ ಇನ್ನೊಮ್ಮೆ ಮುಚ್ಚಿದವು. ಎರಡನೆಯ ಸಲ ತೆರೆದದ್ದು 2021ರ ಮೇ 19ಕ್ಕೆ. ಅದೇ ವರ್ಷ ಹಾಲಿವುಡ್ಡಿನ ಹಳೆಯ ಸ್ಟುಡಿಯೋ ಅಧಿಕಾರಿ ರಾನ್ ಮೇಯರ್ ಕಂಪನಿಯ ಮುಖ್ಯಸ್ಥನಾಗಿ ಬಂದ. ಕಟ್ಟಿದವರ ಕೈಯಿಂದ ಕಂಪನಿ ಜಾರಿಹೋಗಿತ್ತು.

ಆದರೆ ಆ ಕಣ್ಣುಗಳು ಎಲ್ಲಿಗೂ ಹೋಗಿರಲಿಲ್ಲ. ಮರಾವಾಲ್ ಮತ್ತು ಸಂಗಡಿಗರು 2019ರಲ್ಲಿ ವಿದೇಶಿ ಮಾರಾಟಕ್ಕೆಂದು ವೈಲ್ಡ್ ಬಂಚ್ ಇಂಟರ್‌ನ್ಯಾಷನಲ್ ಎಂಬ ಬೇರೆ ಸಂಸ್ಥೆ ಮಾಡಿಕೊಂಡರು. ಜಪಾನಿನ ಘಿಬ್ಲಿ ಸ್ಟುಡಿಯೋದ ಚಿತ್ರಗಳನ್ನು ಬಹುಕಾಲದಿಂದ ನಂಬಿಕೆಯಿಂದ ಮಾರುತ್ತಾ ಬಂದವರು ಇವರು. 2020ರ ಜನವರಿಯಲ್ಲಿ ಅಮೆರಿಕ, ಕೆನಡಾ, ಜಪಾನ್ ಬಿಟ್ಟು ಉಳಿದ ಲೋಕಕ್ಕೆಲ್ಲ 21 ಘಿಬ್ಲಿ ಚಿತ್ರಗಳನ್ನು ನೆಟ್‌ಫ್ಲಿಕ್ಸ್‌ಗೆ ಒಪ್ಪಿಸಿದ್ದು ಇವರೇ. ಫೆಬ್ರುವರಿಯಿಂದ ತಿಂಗಳಿಗೆ ಏಳರಂತೆ ಅವು ಬಂದವು. ಬೆಂಗಳೂರು, ಧಾರವಾಡದ ಮನೆಗಳಲ್ಲಿ ಮಕ್ಕಳು 'ಮೈ ನೇಬರ್ ಟೊಟೊರೊ' ನೋಡಲು ಸಾಧ್ಯವಾಗಿದ್ದು ಆ ಒಪ್ಪಂದದಿಂದ. 2021ರಲ್ಲಿ ಜೂಲಿಯಾ ದ್ಯುಕೂರ್ನೋಳ 'ಟಿಟಾನ್' ಪಾಮ್ ದೋರ್ ಗೆದ್ದಾಗಲೂ ವಿದೇಶಿ ಹಕ್ಕು ಇವರ ಬಳಿ ಇತ್ತು. 2023ರ ಜನವರಿಯಲ್ಲಿ ಹಳೆಯ ಹೆಸರು ಬಿಟ್ಟು ಗುಡ್‌ಫೆಲ್ಲಾಸ್ ಎಂದಾದರು. ಘಿಬ್ಲಿಯ ನಿರ್ದೇಶಕ ಮಿಯಾಜಾಕಿಯ 'ದಿ ಬಾಯ್ ಅಂಡ್ ದಿ ಹೆರಾನ್' ಅವರ ಮೂಲಕ ಲೋಕ ಸುತ್ತಿ 2024ರಲ್ಲಿ ಆಸ್ಕರ್ ಪಡೆಯಿತು.

ಪ್ಯಾರಿಸ್ಸಿನಲ್ಲಿ ಇದು ಒಬ್ಬರ ಕಥೆಯಲ್ಲ. ಫ್ರಾನ್ಸಿನಲ್ಲಿ 'ಪಲ್ಪ್ ಫಿಕ್ಷನ್' ಬಿಡುಗಡೆ ಮಾಡಿದ ಬಾಕ್ ಫಿಲ್ಮ್ಸ್ ಕಟ್ಟಿದ್ದು ಜಾನ್ ಲಬಾದಿ. ಅಲ್ಲಿಂದ ಹೊರಬಂದ ಮೇಲೆ ಅವನು 2007ರಲ್ಲಿ ಲ ಪಾಕ್ಟ್ ಆರಂಭಿಸಿದ. 'ಅನಾಟಮಿ ಆಫ್ ಎ ಫಾಲ್' 2023ರಲ್ಲಿ ಫ್ರೆಂಚ್ ಪ್ರೇಕ್ಷಕರಿಗೆ ತಲುಪಿದ್ದು ಲ ಪಾಕ್ಟ್ ಮೂಲಕ. ಅಲ್ಲಿ ಸಂಸ್ಥೆ ಮುರಿದರೂ ಮನುಷ್ಯ ಮತ್ತೆ ಶುರು ಮಾಡಬಹುದು, ಏಕೆಂದರೆ ಟಿಕೆಟಿನಿಂದ ಕೂಡುವ ಸಾರ್ವಜನಿಕ ನಿಧಿ, ಸಹಾಯಧನ, ಹಣ ಹೂಡಲೇಬೇಕಾದ ವಾಹಿನಿಗಳು ಬೆನ್ನಿಗಿವೆ.

ನಮ್ಮಲ್ಲಿ ಅಷ್ಟು ಗಟ್ಟಿಯಾದ ವ್ಯವಸ್ಥೆ ಇಲ್ಲ. ಚಿತ್ರಗಳು ಮಾತ್ರ ಇವೆ. ಮಂಡ್ಯದ ಹಳ್ಳಿಗರೇ ನಟಿಸಿದ, ರಾಮ್ ರೆಡ್ಡಿಯವರ 'ತಿಥಿ' 2015ರ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು; ಕರ್ನಾಟಕದ ಚಿತ್ರಮಂದಿರಕ್ಕೆ ಬಂದದ್ದು 2016ರ ಮೇನಲ್ಲಿ. ನಿಮ್ಮ ಹಾಗೆಯೇ ಸಿನಿಮಾ ವಿದ್ಯಾರ್ಥಿಯಾಗಿದ್ದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರ ಕಾನ್‌ನ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಮಾಡುವವರು ಇದ್ದಾರೆ, ಇನ್ನೂ ಬರುತ್ತಿದ್ದಾರೆ. ಅವರ ಕೆಲಸವನ್ನು ಹಿಡಿದು ಮಾರುಕಟ್ಟೆಯ ಮೇಜಿನ ಮುಂದೆ ಕೂರುವವರು ಸಾಲದು.

ಪದವೀಧರರೇ, ನಿಮ್ಮಲ್ಲಿ ನಿರ್ದೇಶಕರಾಗುವವರು ಮೊದಲ ಚಿತ್ರದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಹಕ್ಕುಗಳ ಕಲಮುಗಳನ್ನು ಪೂರ್ತಿ ಓದಿ: ಯಾವ ದೇಶ, ಎಷ್ಟು ವರ್ಷ, ಯಾರ ಹಣ ಮೊದಲು ವಾಪಸ್ ಹೋಗುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಮತ್ತು ನಿಮ್ಮಲ್ಲಿ ನಾಲ್ಕಾರು ಮಂದಿಯಾದರೂ ಕ್ಯಾಮೆರಾ ಬಿಟ್ಟು ವಿತರಣೆಗೆ ಬನ್ನಿ. ಸಹಪಾಠಿಗಳ ಚಿತ್ರಗಳನ್ನು ನೀವೇ ಆರಿಸಿ, ನೀವೇ ಹೊರದೇಶಕ್ಕೆ ಕೊಂಡೊಯ್ಯಿರಿ.